ಯುದ್ಧಕಾಲದ ಆಜ್ಞೆ, ಶಾಂತಿಕಾಲದ ತೀರ್ಪು

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಅಮೆರಿಕದ ಸಂವಿಧಾನ ಪರಂಪರೆಗೆ ಸಂಬಂಧಿಸಿದವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ದೇಶಕ್ಕೆ ಅಪಾಯ ಒದಗಿದಾಗ ಸರ್ಕಾರ ವ್ಯಕ್ತಿಯ ಸ್ವಾತಂತ್ರ್ಯದ ಮೇಲೆ ಎಷ್ಟರ ಮಟ್ಟಿಗೆ ಕೈ ಹಾಕಬಹುದು, ಅದನ್ನು ಯಾರು, ಯಾವಾಗ ಪರಿಶೀಲಿಸಬೇಕು ಎಂಬುದೇ ಇವೆಲ್ಲದರ ತಿರುಳು.

ಪ್ರಶ್ನೆ: ಅಬ್ರಹಾಂ ಲಿಂಕನ್ ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಟ್ಟರು, ಮುಖ್ಯ ನ್ಯಾಯಮೂರ್ತಿಯ ಮಾತನ್ನೂ ಕೇಳಲಿಲ್ಲ ಎಂದು ಓದಿದೆ. ಹಾಗಿದ್ದೂ ಅವರನ್ನು ಸ್ವಾತಂತ್ರ್ಯದ ರಕ್ಷಕ ಎಂದು ಗೌರವಿಸುವುದು ಹೇಗೆ? (ಕಾನೂನು ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನೀವು ಓದಿದ್ದು ನಿಜ. ದಕ್ಷಿಣದ ರಾಜ್ಯಗಳು ಬೇರ್ಪಟ್ಟು ಅಂತರ್ಯುದ್ಧ ಆಗಷ್ಟೇ ಶುರುವಾಗಿತ್ತು. 1861ರ ಏಪ್ರಿಲ್ 19ರಂದು ರಾಜಧಾನಿಯ ರಕ್ಷಣೆಗೆಂದು ಹೊರಟಿದ್ದ ಮ್ಯಾಸಚೂಸೆಟ್ಸ್‌ನ ಪಡೆಯ ಮೇಲೆ ಬಾಲ್ಟಿಮೋರ್ ನಗರದಲ್ಲಿ ಗುಂಪು ದಾಳಿ ನಡೆಯಿತು. ಸೈನಿಕರೂ ನಾಗರಿಕರೂ ಸತ್ತರು, ರೈಲು ಸೇತುವೆಗಳನ್ನು ಸುಡಲಾಯಿತು, ಕೆಲವು ದಿನ ವಾಷಿಂಗ್ಟನ್ ನಗರಕ್ಕೆ ಉತ್ತರದ ರಾಜ್ಯಗಳ ಸಂಪರ್ಕವೇ ತಪ್ಪಿಹೋಯಿತು. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಆಗ ಅಧಿವೇಶನದಲ್ಲಿ ಇರಲಿಲ್ಲ. ಏಪ್ರಿಲ್ 27ರಂದು ಲಿಂಕನ್, ಫಿಲಡೆಲ್ಫಿಯಾದಿಂದ ವಾಷಿಂಗ್ಟನ್‌ವರೆಗಿನ ಸೇನಾ ಮಾರ್ಗದ ಉದ್ದಕ್ಕೂ ಹೇಬಿಯಸ್ ಕಾರ್ಪಸ್ ಹಕ್ಕನ್ನು (ಬಂಧಿತನನ್ನು ನ್ಯಾಯಾಲಯದ ಮುಂದೆ ತಂದು ಬಂಧನಕ್ಕೆ ಕಾರಣ ಕೊಡಿ ಎಂದು ಕೇಳುವ ಹಕ್ಕು) ಅಮಾನತಿನಲ್ಲಿಡುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟರು. ಒಂದು ತಿಂಗಳು ಕಳೆಯುವುದರೊಳಗೆ, ಮೇ 25ರ ಮುಂಜಾವಿಗೂ ಮುನ್ನ, ಮೇರಿಲ್ಯಾಂಡ್‌ನ ಜಾನ್ ಮೆರಿಮನ್ ಎಂಬ ಜಮೀನುದಾರನನ್ನು ಸೈನಿಕರು ಮನೆಯಿಂದ ಹಿಡಿದೊಯ್ದು ಮೆಕ್‌ಹೆನ್ರಿ ಕೋಟೆಯಲ್ಲಿ ಇರಿಸಿದರು. ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಆತನನ್ನು ಹಾಜರುಪಡಿಸುವಂತೆ ಆದೇಶಿಸಿದರು. ಆದೇಶ ಹಿಡಿದು ಹೋದ ನ್ಯಾಯಾಲಯದ ಅಧಿಕಾರಿಗೆ (ಮಾರ್ಷಲ್) ಕೋಟೆಯ ಬಾಗಿಲಲ್ಲೇ ಪ್ರವೇಶ ನಿರಾಕರಿಸಲಾಯಿತು. ಹೇಬಿಯಸ್ ಕಾರ್ಪಸ್ ಅಮಾನತಿನ ವಿಧಿಯು ಸಂವಿಧಾನದ ಮೊದಲ ಅನುಚ್ಛೇದದಲ್ಲಿ, ಅಂದರೆ ಶಾಸಕಾಂಗಕ್ಕೆ ಸಂಬಂಧಿಸಿದ ಭಾಗದಲ್ಲಿ ಇರುವುದರಿಂದ ಆ ಅಧಿಕಾರ ಕಾಂಗ್ರೆಸ್‌ನದೇ ಹೊರತು ಅಧ್ಯಕ್ಷರದಲ್ಲ ಎಂದು ಟೇನಿ ಬರೆದು, ಅದರ ಪ್ರತಿಯನ್ನು ಲಿಂಕನ್ ಅವರಿಗೇ ಕಳಿಸಿದರು. ಮೆರಿಮನ್ ಕೂಡಲೇ ಬಿಡುಗಡೆಯಾಗಲಿಲ್ಲ.

ಟೇನಿಯವರ ಓದು ಸರಿಯೆಂದೇ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಆದರೆ ನಾಲ್ಕು ವರ್ಷಗಳ ಹಿಂದೆ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಕರಿಯರು ಅಮೆರಿಕದ ಪೌರರಾಗಲಾರರು ಎಂದು ತೀರ್ಪು ಬರೆದವರೂ ಇವರೇ ಆದ್ದರಿಂದ, ಸ್ವಾತಂತ್ರ್ಯದ ಬಗ್ಗೆ ಅವರ ಬಾಯಿಂದ ಬಂದ ಪಾಠ ಉತ್ತರದ ಜನರಿಗೆ ರುಚಿಸಲಿಲ್ಲ. ಜುಲೈ 4ರಂದು ಕಾಂಗ್ರೆಸ್ ಸೇರಿದಾಗ ಲಿಂಕನ್ ತಾವು ಮಾಡಿದ್ದನ್ನು ಬಚ್ಚಿಡದೆ ಮುಂದಿಟ್ಟು, ಒಂದು ಕಾನೂನು ಉಲ್ಲಂಘನೆಯಾದೀತು ಎಂಬ ಭಯಕ್ಕೆ ಉಳಿದೆಲ್ಲ ಕಾನೂನುಗಳೂ ಜಾರಿಯಾಗದೆ ಸರ್ಕಾರವೇ ನುಚ್ಚುನೂರಾಗಲು ಬಿಡಬೇಕೇ ಎಂದು ಕೇಳಿದರು. ಅಧಿಕಾರ ಯಾರದೆಂದು ಸಂವಿಧಾನ ಬಾಯಿಬಿಟ್ಟು ಹೇಳಿಲ್ಲ ಎಂಬ ವಾದವನ್ನೂ ಮಂಡಿಸಿದರು. 1863ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷರಿಗೆ ಅಮಾನತಿನ ಅಧಿಕಾರ ಕೊಡುವ ಕಾಯ್ದೆ ಮಾಡಿತಾದರೂ, ಬಂಧಿತರ ಪಟ್ಟಿಯನ್ನು ನ್ಯಾಯಾಲಯಗಳಿಗೆ ಒಪ್ಪಿಸಬೇಕು, ಆರೋಪ ಹೊರಿಸಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸದೆ ಎದ್ದುಹೋದರೆ ಅವರನ್ನು ಬಿಡಬೇಕು ಎಂಬ ಷರತ್ತನ್ನೂ ಜೊತೆಗೇ ಹಾಕಿತು. 1864ರ ಚುನಾವಣೆಯನ್ನು ಲಿಂಕನ್ ಮುಂದೂಡಲಿಲ್ಲ. ಆ ಆಗಸ್ಟ್‌ನಲ್ಲಿ ತಾವು ಸೋಲುವುದೇ ಸಂಭವನೀಯ ಎಂದು ಸ್ವತಃ ಬರೆದಿಟ್ಟಿದ್ದ ಮನುಷ್ಯ ಅವರು. ಅವರನ್ನು ಸರ್ವಾಧಿಕಾರಿ ಎನ್ನಲು ನಾನು ಹಿಂಜರಿಯುವುದು ಈ ಎರಡು ಕಾರಣಕ್ಕೆ: ಮಾಡಿದ್ದನ್ನು ಬಹಿರಂಗವಾಗಿ ಶಾಸಕಾಂಗದ ಮುಂದಿಟ್ಟರು, ಮತದಾರರ ಮುಂದೆಯೂ ನಿಂತರು.

ಆದರೆ ಲ್ಯಾಂಬ್ಡಿನ್ ಮಿಲಿಗನ್ ಪ್ರಕರಣಕ್ಕೆ ಈ ಸಮರ್ಥನೆ ಸಲ್ಲದು. ಯುದ್ಧಭೂಮಿಯಲ್ಲದ, ಸಿವಿಲ್ ನ್ಯಾಯಾಲಯಗಳು ಎಂದಿನಂತೆ ನಡೆಯುತ್ತಿದ್ದ ಇಂಡಿಯಾನಾ ರಾಜ್ಯದಲ್ಲಿ ಈ ವಕೀಲನನ್ನು 1864ರಲ್ಲಿ ಬಂಧಿಸಿ, ಸೇನಾಧಿಕಾರಿಗಳೇ ವಿಚಾರಣೆ ನಡೆಸುವ ಸೇನಾ ಆಯೋಗದ ಮುಂದೆ ನಿಲ್ಲಿಸಿ, ಗಲ್ಲುಶಿಕ್ಷೆ ವಿಧಿಸಲಾಯಿತು. 1866ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ತೀರ್ಪು ಬರೆದ ಡೇವಿಡ್ ಡೇವಿಸ್, 1860ರಲ್ಲಿ ಲಿಂಕನ್ ಅವರಿಗೆ ಪಕ್ಷದ ಟಿಕೆಟ್ ಗೆದ್ದುಕೊಟ್ಟ ಆಪ್ತ ಸ್ನೇಹಿತ. ಯುದ್ಧದಲ್ಲಾಗಲಿ ಶಾಂತಿಯಲ್ಲಾಗಲಿ ಸಂವಿಧಾನವು ಆಳುವವರಿಗೂ ಜನರಿಗೂ ಸಮಾನವಾಗಿ ಅನ್ವಯಿಸುವ ಕಾನೂನು ಎಂಬ ಅವರ ಸಾಲನ್ನು ಎಲ್ಲರೂ ಉದ್ಧರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು ಅದೇ ತೀರ್ಪಿನ ಇನ್ನೊಂದು ಮಾತು: ದಂಗೆಯ ಕಾಲದ ಮನೋಭಾವವು ಇಂಥ ಪ್ರಶ್ನೆಯನ್ನು ಶಾಂತವಾಗಿ ವಿಚಾರಿಸಲು ಅವಕಾಶ ಕೊಡಲಿಲ್ಲ, ಈಗ ಸಾರ್ವಜನಿಕ ಸುರಕ್ಷತೆ ಖಚಿತವಾಗಿರುವುದರಿಂದ ವಿಚಾರಿಸಬಹುದು ಎಂದು ಡೇವಿಸ್ ಒಪ್ಪಿಕೊಂಡಿದ್ದಾರೆ. ಸ್ವಾತಂತ್ರ್ಯ ಒಂದು ತಟ್ಟೆ, ಭದ್ರತೆ ಇನ್ನೊಂದು ತಟ್ಟೆ, ನ್ಯಾಯಾಧೀಶರು ತಕ್ಕಡಿ ಹಿಡಿದು ತೂಗುತ್ತಾರೆ ಎಂಬ ಚಿತ್ರವನ್ನು ನಾನು ನಂಬದಿರುವುದು ಇದಕ್ಕೇ. ಅಮೆರಿಕದಲ್ಲಿ ನಿಜವಾಗಿ ನಡೆದುಬಂದಿರುವುದು ತೂಕವಲ್ಲ, ತಡ. ಕಾರ್ಯಾಂಗ ಅಪಾಯದ ವೇಗದಲ್ಲಿ ಮುನ್ನುಗ್ಗುತ್ತದೆ, ನ್ಯಾಯಾಲಯ ಅಪಾಯ ಕಳೆದ ಮೇಲೆ ಬರುತ್ತದೆ. ಹಾಗಾಗಿ ಆ ನಡುವಿನ ಅವಧಿಯನ್ನು ಎಷ್ಟು ಕಿರಿದಾಗಿಸಲಾಯಿತು ಎಂಬುದರಿಂದಲೇ ಪ್ರತಿ ಕಾಲಘಟ್ಟವನ್ನು ಅಳೆಯಬೇಕು.

ಪ್ರಶ್ನೆ: "ಸ್ವಲ್ಪ ಸುರಕ್ಷತೆಗಾಗಿ ಸ್ವಾತಂತ್ರ್ಯವನ್ನು ಬಿಟ್ಟುಕೊಡುವವರು ಎರಡಕ್ಕೂ ಅರ್ಹರಲ್ಲ" ಎಂಬ ಬೆಂಜಮಿನ್ ಫ್ರಾಂಕ್ಲಿನ್ ಅವರ ಮಾತು ವಾಟ್ಸ್ಆ್ಯಪ್‌ನಲ್ಲಿ ಪದೇ ಪದೇ ಬರುತ್ತದೆ. ಅವರು ಹೀಗೆ ಹೇಳಿದ್ದು ನಿಜವೇ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ನಿಜ, ಆದರೆ ಫೋನ್ ಕದ್ದಾಲಿಕೆಯ ವಿರುದ್ಧ ಬಳಸುವವರು ಅಂದುಕೊಂಡ ಅರ್ಥದಲ್ಲಲ್ಲ. 1755ರಲ್ಲಿ ಪೆನ್ಸಿಲ್ವೇನಿಯಾದ ಗಡಿಯಲ್ಲಿ ದಾಳಿಗಳು ನಡೆಯುತ್ತಿದ್ದಾಗ, ರಕ್ಷಣಾ ವೆಚ್ಚಕ್ಕಾಗಿ ವಸಾಹತಿನ ಒಡೆಯರಾಗಿದ್ದ ಪೆನ್ ಕುಟುಂಬದ ಜಮೀನಿಗೂ ತೆರಿಗೆ ಹಾಕಲು ವಸಾಹತಿನ ಶಾಸನಸಭೆ ಬಯಸಿತು. ಆ ಕುಟುಂಬವೇ ನೇಮಿಸಿದ್ದ ಗವರ್ನರ್ ಅದಕ್ಕೆ ಒಪ್ಪಲಿಲ್ಲ. ಸಭೆಯ ಪರವಾಗಿ ಗವರ್ನರ್‌ಗೆ ಬರೆದ ಉತ್ತರದಲ್ಲಿ ಬರುವ ಸಾಲು ಇದು. ಅಲ್ಲಿ ಸ್ವಾತಂತ್ರ್ಯವೆಂದರೆ ಚುನಾಯಿತ ಸಭೆಯು ತನ್ನ ಜನರ ರಕ್ಷಣೆಗೆ ತಾನೇ ತೆರಿಗೆ ವಿಧಿಸುವ ಸ್ವಾತಂತ್ರ್ಯ. ಮೂಲದಲ್ಲಿ "ಅತ್ಯಗತ್ಯ" ಸ್ವಾತಂತ್ರ್ಯ, "ತಾತ್ಕಾಲಿಕ" ಸುರಕ್ಷತೆ ಎಂಬ ವಿಶೇಷಣಗಳೂ ಇವೆ. ಫಾರ್ವರ್ಡ್ ಮಾಡುವವರು ಅವನ್ನು ಮೊದಲೇ ಉದುರಿಸಿಬಿಡುತ್ತಾರೆ.

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ಸುಪ್ರೀಂ ಕೋರ್ಟ್ ಏನು ಮಾಡುತ್ತಿತ್ತು? (ಓದುಗರು, ಶಿವಮೊಗ್ಗ)

ಉತ್ತರ: ಒಪ್ಪಿಗೆ ಕೊಡುತ್ತಿತ್ತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1942ರ ಫೆಬ್ರುವರಿ 19ರಂದು ಹೊರಡಿಸಿದ 9066ನೇ ಕಾರ್ಯಕಾರಿ ಆದೇಶದ ಮೇರೆಗೆ ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಮಂದಿಯನ್ನು ತೆರವುಗೊಳಿಸಿ ಒಳನಾಡಿನ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದ ಪೌರರೇ. ಓಕ್ಲೆಂಡ್‌ನಲ್ಲಿ ಹುಟ್ಟಿ ಬೆಳೆದ ಫ್ರೆಡ್ ಕೊರೆಮಾಟ್ಸು ಎಂಬ ಯುವ ವೆಲ್ಡರ್ ಹೊರಡಲು ನಿರಾಕರಿಸಿ ಬಂಧನಕ್ಕೊಳಗಾದರು. 1944ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಅವರ ಶಿಕ್ಷೆಯನ್ನು ಎತ್ತಿಹಿಡಿಯಿತು. ವಾಕ್ ಸ್ವಾತಂತ್ರ್ಯದ ಕಟ್ಟಾಳು ಎನಿಸಿಕೊಂಡಿದ್ದ ಹ್ಯೂಗೊ ಬ್ಲ್ಯಾಕ್ ಬಹುಮತದ ತೀರ್ಪನ್ನು ಬರೆದರು. ಭಿನ್ನಮತ ಬರೆದ ರಾಬರ್ಟ್ ಜಾಕ್ಸನ್, ಸೇನೆಯ ಆದೇಶ ಯುದ್ಧದೊಂದಿಗೆ ಮುಗಿದುಹೋಗುತ್ತದೆ, ನ್ಯಾಯಾಲಯ ಅದಕ್ಕೆ ಸಂವಿಧಾನದ ಮುದ್ರೆ ಒತ್ತಿದರೆ ಆ ತತ್ವ ಗುಂಡು ತುಂಬಿದ ಆಯುಧದಂತೆ ಮುಂದಿನವರ ಕೈಗೆ ಸಿಗಲು ಬಿದ್ದಿರುತ್ತದೆ ಎಂದು ಎಚ್ಚರಿಸಿದರು.

ನ್ಯಾಯಾಲಯ ನಂಬಿದ ಆಧಾರವಾದರೂ ಏನು? ಪಶ್ಚಿಮ ಕರಾವಳಿಯ ಸೇನಾಧಿಕಾರಿ ಜನರಲ್ ಜಾನ್ ಡಿವಿಟ್ ಅವರ ಅಂತಿಮ ವರದಿಯ ಮೊದಲ ರೂಪದಲ್ಲಿ, ಈ ಜನರಲ್ಲಿ ನಿಷ್ಠರನ್ನೂ ನಿಷ್ಠರಲ್ಲದವರನ್ನೂ ಬೇರ್ಪಡಿಸುವುದು ಸಾಧ್ಯವೇ ಇಲ್ಲ, ಇದು ಸಮಯದ ಅಭಾವದ ಮಾತಲ್ಲ ಎಂದಿತ್ತು. ಅದನ್ನು ನ್ಯಾಯಾಲಯದ ಮುಂದಿಟ್ಟರೆ ಶುದ್ಧ ಜನಾಂಗೀಯ ಪೂರ್ವಗ್ರಹ ಬಯಲಾಗುತ್ತಿತ್ತು. ಯುದ್ಧ ಇಲಾಖೆ ಆ ವಾಕ್ಯವನ್ನು ತಿದ್ದಿಸಿ, ಬೇರ್ಪಡಿಸಲು ಸಮಯವಿರಲಿಲ್ಲ ಎಂಬ ಅರ್ಥ ಬರುವಂತೆ ಮಾಡಿಸಿ, ಹಳೆಯ ಪ್ರತಿಗಳನ್ನು ಸುಡಿಸಿತು. ಕರಾವಳಿಯಿಂದ ಶತ್ರು ಹಡಗುಗಳಿಗೆ ಸಂಕೇತ ಹೋಗುತ್ತಿತ್ತು ಎಂಬ ವರದಿಯ ಆರೋಪವನ್ನು ಎಫ್‌ಬಿಐ ಮತ್ತು ಕೇಂದ್ರ ಸಂವಹನ ಆಯೋಗ ಎರಡೂ ಒಪ್ಪಿರಲಿಲ್ಲ. ಇದನ್ನು ನ್ಯಾಯಾಲಯಕ್ಕೆ ತಿಳಿಸುವ ಅಡಿಟಿಪ್ಪಣಿಯೊಂದನ್ನು ನ್ಯಾಯ ಇಲಾಖೆಯ ಇಬ್ಬರು ವಕೀಲರು ಬರೆದಿದ್ದರು. ಮೇಲಿನವರು ಅದನ್ನು ಅರ್ಥವೇ ಉಳಿಯದಷ್ಟು ಸಪ್ಪೆಗೊಳಿಸಿದರು. ಅದೇ ಹೊತ್ತಿಗೆ, ಜಪಾನಿನ ದಾಳಿಗೆ ತುತ್ತಾದ ಹವಾಯಿಯಲ್ಲಿ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಜಪಾನಿ ಮೂಲದವರಾಗಿದ್ದರೂ ಅಲ್ಲಿ ಸಾಮೂಹಿಕ ಸ್ಥಳಾಂತರ ನಡೆಯಲಿಲ್ಲ. ಅವರಿಲ್ಲದೆ ದ್ವೀಪಗಳ ಆರ್ಥಿಕತೆಯೇ ನಿಂತುಹೋಗುತ್ತಿತ್ತು. ಭದ್ರತೆಯನ್ನು ನಿಜಕ್ಕೂ ಅಳೆದಿದ್ದರೆ ಈ ವಿಚಿತ್ರ ಹೇಗೆ ಸಾಧ್ಯ?

ಸುಡದೆ ಉಳಿದಿದ್ದ ಡಿವಿಟ್ ವರದಿಯ ಒಂದು ಪ್ರತಿಯನ್ನು 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಪತ್ರಾಗಾರದಲ್ಲಿ ಪತ್ತೆಹಚ್ಚಿದವರು ಐಕೊ ಹರ್ಜಿಗ್-ಯೋಶಿನಾಗಾ. ಬಾಲ್ಯ ದಾಟುತ್ತಿದ್ದ ವಯಸ್ಸಿನಲ್ಲಿ ಅವರನ್ನೂ ಶಿಬಿರಕ್ಕೆ ಕಳಿಸಲಾಗಿತ್ತು. ಈ ದಾಖಲೆಗಳ ಬಲದ ಮೇಲೆ 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯ ಕೊರೆಮಾಟ್ಸು ಅವರ ಶಿಕ್ಷೆಯನ್ನು ರದ್ದುಪಡಿಸಿತು. 1988ರ ಕಾಯ್ದೆಯು ಬದುಕುಳಿದ ಪ್ರತಿಯೊಬ್ಬರಿಗೂ ಕ್ಷಮೆಯಾಚನೆಯೊಂದಿಗೆ 20,000 ಡಾಲರ್ ಪರಿಹಾರ ಕೊಟ್ಟಿತು. 2011ರಲ್ಲಿ, ಆಗ ಹಂಗಾಮಿ ಸಾಲಿಸಿಟರ್ ಜನರಲ್ ಆಗಿದ್ದ ಭಾರತೀಯ ಮೂಲದ ನೀಲ್ ಕತ್ಯಾಲ್, ತಮ್ಮ ಕಚೇರಿ ಅಂದು ನ್ಯಾಯಾಲಯದಿಂದ ಮಾಹಿತಿ ಮುಚ್ಚಿಟ್ಟದ್ದು ತಪ್ಪೆಂದು ಅಧಿಕೃತವಾಗಿ ಒಪ್ಪಿಕೊಂಡರು. ಸುಪ್ರೀಂ ಕೋರ್ಟ್ ಮಾತ್ರ ಆ ತೀರ್ಪು ಬಂದ ದಿನವೇ ಘೋರ ತಪ್ಪಾಗಿತ್ತು ಎನ್ನಲು 2018ರವರೆಗೆ ಕಾಯಿತು. ಹಾಗೆಂದದ್ದು ಕೂಡ ಕೆಲವು ಮುಸ್ಲಿಂ ಬಹುಸಂಖ್ಯಾತ ದೇಶಗಳ ಪ್ರಜೆಗಳ ಪ್ರವೇಶವನ್ನು ನಿರ್ಬಂಧಿಸಿದ ಟ್ರಂಪ್ ಆದೇಶವನ್ನು ಎತ್ತಿಹಿಡಿದ ತೀರ್ಪಿನಲ್ಲೇ. ಹಳೆಯ ತಪ್ಪನ್ನು ಹೂಳುತ್ತಲೇ ಅದೇ ತರ್ಕವನ್ನು ಮರಳಿ ಬಳಸಲಾಗುತ್ತಿದೆ ಎಂದು ನ್ಯಾಯಮೂರ್ತಿ ಸೋನಿಯಾ ಸೊಟೊಮೆಯೊರ್ ಭಿನ್ನಮತದಲ್ಲಿ ಬರೆದರು.

ಪ್ರಶ್ನೆ: ನಮ್ಮ ತುರ್ತುಪರಿಸ್ಥಿತಿಯ ಅನುಭವವನ್ನು ಇದರೊಂದಿಗೆ ಹೋಲಿಸಬಹುದೇ? (ವಕೀಲರು, ಬೆಂಗಳೂರು)

ಉತ್ತರ: ಒಂದು ಮಿತಿಯಲ್ಲಿ. ವಿಚಾರಣೆಯಿಲ್ಲದ ಮುನ್ನೆಚ್ಚರಿಕೆ ಬಂಧನಕ್ಕೆ ನಮ್ಮ ಸಂವಿಧಾನದ 22ನೇ ವಿಧಿಯೇ ಜಾಗ ಮಾಡಿಕೊಟ್ಟಿದೆ. ಅಮೆರಿಕದ ಸಂವಿಧಾನದಲ್ಲಿ ಅಂಥ ಸಾಮಾನ್ಯ ಅವಕಾಶವಿಲ್ಲ, ದಂಗೆ ಅಥವಾ ಆಕ್ರಮಣದ ಸಂದರ್ಭದಲ್ಲಿ ಹೇಬಿಯಸ್ ಕಾರ್ಪಸ್ ಅಮಾನತು ಮಾಡುವ ವಿಧಿಯೊಂದೇ ಇರುವುದು. ತೀರ್ಪುಗಳ ಕಥೆಯಲ್ಲಿ ಮಾತ್ರ ಹೋಲಿಕೆ ಎದ್ದು ಕಾಣುತ್ತದೆ. ಬಂಧಿತರ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಳ್ಳಬಹುದು ಎಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟ್‌ಗಳು ಹೇಳಿದ್ದನ್ನು 1976ರ ಏಪ್ರಿಲ್‌ನಲ್ಲಿ ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 4–1ರಿಂದ ತಳ್ಳಿಹಾಕಿತು. ಭಿನ್ನಮತ ಎಚ್.ಆರ್. ಖನ್ನಾ ಅವರದೊಬ್ಬರದೇ. ಆ ತೀರ್ಪನ್ನು ಸ್ಪಷ್ಟವಾಗಿ ರದ್ದುಗೊಳಿಸಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಖಾಸಗಿತನದ ಪ್ರಕರಣದಲ್ಲಿ. ತಪ್ಪನ್ನು ಒಪ್ಪಿಕೊಳ್ಳಲು ಅಲ್ಲಿನ ಸುಪ್ರೀಂ ಕೋರ್ಟ್‌ಗೆ ಹಿಡಿದದ್ದು 74 ವರ್ಷ, ಇಲ್ಲಿ 41. ಆದರೆ ನಾವು ನ್ಯಾಯಾಲಯಕ್ಕಾಗಿ ಕಾಯಲಿಲ್ಲ. 1978ರ 44ನೇ ತಿದ್ದುಪಡಿಯ ಮೂಲಕ ಸಂಸತ್ತೇ, ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಹಕ್ಕನ್ನು ಅಮಾನತಿನಲ್ಲಿ ಇಡಲಾಗದಂತೆ ಮಾಡಿತು.

ಪ್ರಶ್ನೆ: 2001ರ ಸೆಪ್ಟೆಂಬರ್ 11ರ ನಂತರ ಬಂದ ಕಣ್ಗಾವಲು ಕಾನೂನುಗಳು ಈಗಲೂ ಹಾಗೇ ಇವೆಯೇ? (ಸಾಫ್ಟ್‌ವೇರ್ ಎಂಜಿನಿಯರ್, ಮಂಗಳೂರು)

ಉತ್ತರ: ಕೆಲವು ಇವೆ, ಒಂದು ಮುಖ್ಯವಾದದ್ದು ಇಲ್ಲ. ಹಿನ್ನೆಲೆ ಗೊತ್ತಿಲ್ಲದೆ ಇದು ಅರ್ಥವಾಗುವುದಿಲ್ಲ. ದೇಶದೊಳಗಿನ ಭದ್ರತಾ ಪ್ರಕರಣಗಳಲ್ಲಿಯೂ ಕದ್ದಾಲಿಕೆಗೆ ನ್ಯಾಯಾಧೀಶರ ವಾರಂಟ್ ಬೇಕು ಎಂದು 1972ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತ್ತು. ತೀರ್ಪು ಬರೆದ ಲೂಯಿಸ್ ಪೊವೆಲ್ ಅವರನ್ನು ನೇಮಿಸಿದ್ದು, ವಾರಂಟ್ ಬೇಡವೆಂದು ವಾದಿಸುತ್ತಿದ್ದ ಅಧ್ಯಕ್ಷ ನಿಕ್ಸನ್ ಅವರೇ. 1975–76ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ಎಫ್‌ಬಿಐ, ಸಿಐಎ ಮೊದಲಾದ ಗುಪ್ತಚರ ಸಂಸ್ಥೆಗಳ ಕಡತ ತೆರೆಸಿದಾಗ ಮಾರ್ಟಿನ್ ಲೂಥರ್ ಕಿಂಗ್ ಅವರ ಮೇಲಿನ ಕದ್ದಾಲಿಕೆಯ ವಿವರಗಳು, ವಿದೇಶಕ್ಕೆ ಹೋಗುವ ಟೆಲಿಗ್ರಾಂಗಳನ್ನು ದಶಕಗಳ ಕಾಲ ರಾಶಿರಾಶಿಯಾಗಿ ಸಂಗ್ರಹಿಸಿದ ಸಂಗತಿ, ಎಲ್ಲವೂ ಹೊರಬಿದ್ದವು. ಅದರ ಫಲವೇ 1978ರ ವಿದೇಶಿ ಗುಪ್ತಚರ ಕಣ್ಗಾವಲು ಕಾಯ್ದೆ ಮತ್ತು ಅದರಡಿಯ ರಹಸ್ಯ ನ್ಯಾಯಾಲಯ.

ದಾಳಿಯಾದ 45 ದಿನಗಳಲ್ಲಿ, 2001ರ ಅಕ್ಟೋಬರ್ 26ರಂದು, ಕಣ್ಗಾವಲಿನ ಅಧಿಕಾರಗಳನ್ನು ವಿಸ್ತರಿಸಿದ ಪೇಟ್ರಿಯಟ್ ಕಾಯ್ದೆ ಜಾರಿಗೆ ಬಂತು. ಸೆನೆಟ್‌ನಲ್ಲಿ ಪರ 98 ಮತ, ವಿರುದ್ಧ ವಿಸ್ಕಾನ್ಸಿನ್‌ನ ರಸ್ ಫೈನ್‌ಗೋಲ್ಡ್ ಅವರ ಒಂದು. ಅದರ 215ನೇ ಕಲಮು ತನಿಖೆಗೆ ಸಂಬಂಧಪಟ್ಟ ದಾಖಲೆಗಳನ್ನು ಕೇಳಿ ಪಡೆಯಲು ಅವಕಾಶ ಕೊಡುತ್ತಿತ್ತು. "ಸಂಬಂಧಪಟ್ಟ" ಎಂದರೆ ದೇಶದ ಬಹುತೇಕ ಎಲ್ಲರ ದೂರವಾಣಿ ಕರೆಗಳ ವಿವರ ಎಂದು ಸರ್ಕಾರ ಅರ್ಥ ಮಾಡಿತು, ಎದುರು ವಕೀಲರೇ ಇಲ್ಲದ ರಹಸ್ಯ ನ್ಯಾಯಾಲಯ ಅದಕ್ಕೆ ತಲೆಯಾಡಿಸಿತು. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಕರೆ ಮಾಡಿದರು ಎಂಬ ಮಾಹಿತಿಯದು. ಜನರಿಗೆ ಇದು ತಿಳಿದದ್ದು 2013ರ ಜೂನ್‌ನಲ್ಲಿ ಗುಪ್ತಚರ ಸಂಸ್ಥೆಯ ಗುತ್ತಿಗೆ ಉದ್ಯೋಗಿಯಾಗಿದ್ದ ಎಡ್ವರ್ಡ್ ಸ್ನೋಡೆನ್ ದಾಖಲೆಗಳನ್ನು ಹೊರಹಾಕಿದಾಗ. ಖಾಸಗಿತನ ಮತ್ತು ನಾಗರಿಕ ಸ್ವಾತಂತ್ರ್ಯಗಳ ಮೇಲ್ವಿಚಾರಣಾ ಮಂಡಳಿಯು 2014ರ ಜನವರಿಯಲ್ಲಿ, ಭಯೋತ್ಪಾದನಾ ತನಿಖೆಯೊಂದರ ಫಲಿತಾಂಶವನ್ನು ಈ ಸಂಗ್ರಹ ನಿರ್ದಿಷ್ಟವಾಗಿ ಬದಲಿಸಿದ ಒಂದು ಉದಾಹರಣೆಯೂ ತನಗೆ ಸಿಗಲಿಲ್ಲ ಎಂದು ವರದಿ ಮಾಡಿತು. 2015ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಇದು ಕಾಯ್ದೆಯ ವ್ಯಾಪ್ತಿಯನ್ನೇ ಮೀರಿದೆ ಎಂದಿತು, ಜೂನ್‌ನಲ್ಲಿ ಕಾಂಗ್ರೆಸ್ ಆ ಸಂಗ್ರಹವನ್ನು ಕೊನೆಗೊಳಿಸಿತು.

ಸ್ವಾತಂತ್ರ್ಯದ ಬಗೆಗಿನ ಭವ್ಯ ತೀರ್ಪುಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಇಲ್ಲಿ ಒಂದು ನೀರಸ ವ್ಯವಸ್ಥೆ. 215ನೇ ಕಲಮಿಗೆ ಅವಧಿ ಮಿತಿ ಇತ್ತು, ಅವಧಿ ಮುಗಿದಾಗಲೆಲ್ಲ ಅದನ್ನು ಉಳಿಸಬೇಕೆನ್ನುವವರು ಎದ್ದು ನಿಂತು ಕಾರಣ ಕೊಡಬೇಕಾಗುತ್ತಿತ್ತು. 2020ರ ಮಾರ್ಚ್‌ನಲ್ಲಿ ಅದನ್ನು ನವೀಕರಿಸಲು ಒಮ್ಮತ ಮೂಡದೆ ಆ ವಿಸ್ತೃತ ಅಧಿಕಾರ ತಾನಾಗಿ ಬಿದ್ದುಹೋಯಿತು. ಇನ್ನೊಂದು ಕಡೆ, ವಿದೇಶದಲ್ಲಿರುವ ವಿದೇಶಿಯರ ಸಂದೇಶಗಳನ್ನು ಅಮೆರಿಕದ ಕಂಪನಿಗಳ ಮೂಲಕ ಪಡೆಯುವ, ವಿದೇಶಿ ಗುಪ್ತಚರ ಕಣ್ಗಾವಲು ಕಾಯ್ದೆಯ 702ನೇ ಕಲಮನ್ನು 2024ರ ಏಪ್ರಿಲ್‌ನಲ್ಲಿ ಎರಡು ವರ್ಷಕ್ಕೆ ವಿಸ್ತರಿಸಲಾಯಿತು. ಆ ರಾಶಿಯಲ್ಲಿ ಅಮೆರಿಕನ್ನರ ಮಾಹಿತಿ ಹುಡುಕಲು ವಾರಂಟ್ ಕಡ್ಡಾಯಗೊಳಿಸುವ ತಿದ್ದುಪಡಿ ಕೆಳಮನೆಯಲ್ಲಿ 212–212 ಸಮಬಲವಾಗಿ ಬಿದ್ದುಹೋಯಿತು. ಮಂಗಳೂರಿನಲ್ಲಿ ಕುಳಿತು ಜಿಮೇಲ್ ಬಳಸುವ ನಿಮಗೆ ಆ ತಿದ್ದುಪಡಿ ಗೆದ್ದಿದ್ದರೂ ಏನೂ ಲಾಭವಿರಲಿಲ್ಲ, ಏಕೆಂದರೆ ಅದರ ಚರ್ಚೆಯೆಲ್ಲ ಅಮೆರಿಕನ್ನರ ಖಾಸಗಿತನದ ಬಗ್ಗೆ.

ಪ್ರಶ್ನೆ: ಮಗಳು ಸ್ನಾತಕೋತ್ತರ ಪದವಿಗೆ ಅಮೆರಿಕಕ್ಕೆ ಹೊರಟಿದ್ದಾಳೆ. ಅಲ್ಲಿನ ಸಂವಿಧಾನದ ರಕ್ಷಣೆ ವಿದೇಶಿ ವಿದ್ಯಾರ್ಥಿಗಳಿಗೂ ಇದೆಯೇ? (ತಾಯಿ, ಹುಬ್ಬಳ್ಳಿ)

ಉತ್ತರ: ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ವೀಸಾ ಕಿಟಕಿಯ ಮುಂದೆ ರಕ್ಷಣೆ ತೀರಾ ಕಡಿಮೆ. 2019ರಿಂದ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣಗಳ ಖಾತೆಗಳ ವಿವರ ಕೊಡಬೇಕು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ಆ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡುವಂತೆ ಸೂಚಿಸಲಾಗಿದೆ. ವೀಸಾ ನಿರಾಕರಣೆಯನ್ನು ನ್ಯಾಯಾಲಯಗಳು ಬಹುತೇಕ ಪರಿಶೀಲಿಸುವುದಿಲ್ಲ. ವಿಮಾನ ನಿಲ್ದಾಣದ ತಪಾಸಣೆಯೂ ಇಕ್ಕಟ್ಟಿನ ಜಾಗವೇ. ದೇಶದೊಳಗೆ ಬಂಧಿತರ ಮೊಬೈಲ್ ನೋಡಲು ಪೊಲೀಸರಿಗೆ ವಾರಂಟ್ ಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಗಡಿಯಲ್ಲಿ ಅಧಿಕಾರಿಗಳು ವಾರಂಟ್ ಇಲ್ಲದೆಯೇ ಫೋನ್ ತೆರೆದು ನೋಡುತ್ತಾರೆ.

ಒಳಗೆ ಕಾಲಿಟ್ಟ ಮೇಲೆ ಚಿತ್ರ ಬೇರೆ. ಸಂವಿಧಾನದ ಐದನೇ ಮತ್ತು ಹದಿನಾಲ್ಕನೇ ತಿದ್ದುಪಡಿಗಳ ಕಾನೂನುಬದ್ಧ ಪ್ರಕ್ರಿಯೆಯ ರಕ್ಷಣೆ ಪೌರರಿಗೆ ಮಾತ್ರವಲ್ಲ, ಪ್ರತಿ ವ್ಯಕ್ತಿಗೂ ಉಂಟು. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಬಟ್ಟೆ ಒಗೆಯುವವರ ಪ್ರಕರಣದಲ್ಲಿ 1886ರಲ್ಲೇ ಸುಪ್ರೀಂ ಕೋರ್ಟ್ ಹದಿನಾಲ್ಕನೇ ತಿದ್ದುಪಡಿಯನ್ನು ಹೀಗೆ ಓದಿತು. ಆದರೂ ಭದ್ರತೆಯ ಹೆಸರು ಬಂದಾಗ ಮೊದಲ ಪೆಟ್ಟು ಬೀಳುವುದು ವಿದೇಶಿಯರಿಗೇ. 1917–18ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭಾರತದ ಸ್ವಾತಂತ್ರ್ಯಕ್ಕಾಗಿ ಅಮೆರಿಕದಿಂದ ಹೋರಾಡುತ್ತಿದ್ದ ಗದರ್ ಪಕ್ಷದ ಹಲವರ ಮೇಲೆ ತಾಟಸ್ಥ್ಯ ಕಾನೂನು (ಅಮೆರಿಕದ ನೆಲದಿಂದ ಮಿತ್ರದೇಶದ ವಿರುದ್ಧ ದಾಳಿ ಸಂಘಟಿಸಬಾರದೆಂಬ ಕಾನೂನು) ಮುರಿದ ಆರೋಪದ ವಿಚಾರಣೆ ನಡೆದು ತಾರಕನಾಥ ದಾಸ್ ಮೊದಲಾದವರು ಜೈಲು ಸೇರಿದರು. ಅದೇ ಕಾಲದಲ್ಲಿ ಲಾಲಾ ಲಜಪತ ರಾಯ್ ಮತ್ತು ಅವರ ಜೊತೆಗಿದ್ದ ನಮ್ಮ ನಾ.ಸು. ಹರ್ಡೀಕರ್ ನ್ಯೂಯಾರ್ಕ್‌ನ ಇಂಡಿಯನ್ ಹೋಮ್ ರೂಲ್ ಲೀಗ್ ಮೂಲಕ ಭಾಷಣ, ಪತ್ರಿಕೆಗಳ ದಾರಿ ಹಿಡಿದಿದ್ದರು. 1798ರ ಶತ್ರು ವಿದೇಶಿಯರ ಕಾಯ್ದೆ ಇಂದಿಗೂ ಜೀವಂತವಾಗಿದ್ದು, 2025ರ ಮಾರ್ಚ್‌ನಲ್ಲಿ ವೆನೆಜುವೆಲಾದ ಕೆಲವರನ್ನು ಹೊರಹಾಕಲು ಅದನ್ನು ಪ್ರಯೋಗಿಸಲಾಯಿತು. ಹಾಗೆ ಹೊರಹಾಕುವ ಮುನ್ನ ನೋಟಿಸ್ ಕೊಡಬೇಕು, ಹೇಬಿಯಸ್ ಕಾರ್ಪಸ್ ಮೂಲಕ ಪ್ರಶ್ನಿಸಲು ಸಮಯ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಏಪ್ರಿಲ್‌ನಲ್ಲಿ ಹೇಳಿತು. ಅದೇ ವಸಂತದಲ್ಲಿ, ವಿದ್ಯಾರ್ಥಿ ಪತ್ರಿಕೆಯಲ್ಲಿ ಲೇಖನಕ್ಕೆ ಸಹಿ ಹಾಕಿದ್ದ ಟಫ್ಟ್ಸ್ ವಿಶ್ವವಿದ್ಯಾಲಯದ ಟರ್ಕಿಯ ಸಂಶೋಧನಾ ವಿದ್ಯಾರ್ಥಿನಿಯನ್ನು ಬಂಧಿಸಿದಾಗ, ಸುಮಾರು ಆರು ವಾರಗಳ ಬಳಿಕ ಫೆಡರಲ್ ನ್ಯಾಯಾಧೀಶರು ಬಿಡುಗಡೆ ಮಾಡಿಸಿದ್ದೂ ಇದೇ ಹೇಬಿಯಸ್ ಕಾರ್ಪಸ್ ಅರ್ಜಿಯ ಮೇಲೆ. ಮೆರಿಮನ್‌ಗೆ ದಕ್ಕದಿದ್ದ ಪರಿಹಾರ ಆಕೆಗೆ ದಕ್ಕಿತು, ಆದರೆ ಆ ಆರು ವಾರ ಆಕೆ ಕಳೆದದ್ದು ಲೂಸಿಯಾನಾದ ಬಂಧನ ಕೇಂದ್ರದಲ್ಲಿ.

ಮಗಳಿಗೆ ಹೇಳಬೇಕಾದದ್ದು ಇಷ್ಟು: ವೀಸಾ ಅರ್ಜಿಯಲ್ಲಿ ಖಾತೆಗಳ ವಿವರವನ್ನು ಮರೆಮಾಚದೆ ಕೊಡಲಿ, ಏಕೆಂದರೆ ಹಳೆಯ ಪೋಸ್ಟ್‌ಗಿಂತ ಸುಳ್ಳು ಘೋಷಣೆ ಹೆಚ್ಚು ಅಪಾಯಕಾರಿ. ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಮತ್ತು ಪಾಸ್‌ಪೋರ್ಟಿನ ಪ್ರತಿಗಳು ಮನೆಯಲ್ಲೂ ಒಂದಿರಲಿ. ವಿಶ್ವವಿದ್ಯಾಲಯ ತಲುಪಿದ ಮೊದಲ ವಾರದಲ್ಲೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ, ವಲಸೆ ಕಾನೂನಿನ ನೆರವು ಬೇಕಾದರೆ ಯಾರನ್ನು ಸಂಪರ್ಕಿಸಬೇಕೆಂದು ಕೇಳಿ, ಆ ದೂರವಾಣಿ ಸಂಖ್ಯೆಯನ್ನು ಫೋನಿನಲ್ಲಿ ಮಾತ್ರವಲ್ಲದೆ ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಲಿ.